ಗಡಿಯೂರಿನ ಕನ್ನಡ ಶಾಲೆಯ ಮಾಡಿನ (ಛಾವಣಿಯ) ದುರಸ್ತಿಗೆ ದೇಣಿಗೆ ಮನವಿ

ಮಾನ್ಯರೇ,

ಕಾರವಾರದಿಂದ ಗೋವಾಕ್ಕೆ ಹೋದವರೆಲ್ಲ ಮಾಜಾಳಿಯನ್ನು ನೋಡಿದ್ದಾರೆ. ನೋಡಿದ್ದಾರೆ ಎಂದರೆ, ತನಿಖಾ ಠಾಣೆಯ ಮುಂದೆ ವಾಹನ ನಿಂತಷ್ಟು ಹೊತ್ತು. ರಾಷ್ಟ್ರೀಯ ಹೆದ್ದಾರಿ 66ರಿಂದ ಕಡಲ ಕಡೆಗೆ ಇಳಿದರೆ ನಮ್ಮ ಕೇರಿ, ಅಲ್ಲಿಯೇ ನಮ್ಮ ಕನ್ನಡ ಶಾಲೆ.

ಗಡಿಯಾಚೆಯ ಪೋಳೆಂ ಈಗ ಪಕ್ಕದ ಗೋವಾ ರಾಜ್ಯದ ಊರು. 1961ರ ಡಿಸೆಂಬರ್‌ವರೆಗೆ ಅದು ಪೋರ್ಚುಗೀಸರ ಕೈಯಲ್ಲಿದ್ದ ಪರದೇಶ. 1955ರಲ್ಲಿ ಗಡಿ ಮುಚ್ಚಿದ ಮೇಲೆ ಆಚೆಯ ಕುಲದೇವರಿಗೆ ಹಣ್ಣುಕಾಯಿ ಮಾಡಿಸುವುದಕ್ಕೂ, ಅಲ್ಲಿಗೆ ಕೊಟ್ಟ ಮಗಳನ್ನು ನೋಡಿಬರುವುದಕ್ಕೂ ಅಡ್ಡಿ. 1961ರ ಡಿಸೆಂಬರ್ 18ರಂದು ಪೋರ್ಚುಗೀಸರ ಕೈಯಲ್ಲಿದ್ದ ಅಂಜುದೀವ್ ದ್ವೀಪಕ್ಕೆ ಇಳಿದ ನಮ್ಮ ನೌಕಾಪಡೆಯ ಏಳು ಮಂದಿ ಪ್ರಾಣ ಕೊಟ್ಟರು. ಮರುದಿನ ಗೋವಾ ಬಿಡುಗಡೆಯಾಯಿತು. ಹೀಗೆ ಗಡಿಯನ್ನು ವಿಚಾರಿಸಿದ್ದು ದಿಲ್ಲಿ. ಶಾಲೆಯ ಮಾಡನ್ನು ವಿಚಾರಿಸುವವರಂತೂ ಊರವರೇ.

ಮಕ್ಕಳು ಮನೆಯಲ್ಲಿ ಕೊಂಕಣಿ ಆಡುತ್ತಾರೆ, ಶಾಲೆಯಲ್ಲಿ ಕನ್ನಡ ಓದುತ್ತಾರೆ, ಲೆಕ್ಕ ಮಾಡುವಾಗ ಯಾವುದು ಬಾಯಿಗೆ ಬಂದರೆ ಅದು. ಕಳೆದ ಮಳೆಗಾಲದಲ್ಲಿ ನಲಿ-ಕಲಿ ಕೋಣೆಯ ಪುಟಾಣಿಗಳು ಒಣ ಮೂಲೆ ಹುಡುಕಿ ಕುಳಿತರು. ಮಾಡನ್ನು ಹೊರುವ ಮರದ ಪಕಾಸುಗಳಿಗೆ ಗೆದ್ದಲು ಹಿಡಿದಿದೆ. ತಗಡು ಹೊದಿಸಿದರೆ ಖರ್ಚು ಕಡಿಮೆ ಎಂದು ಕೆಲವರು ಹೇಳಿದರು. ಕಡಲ ಉಪ್ಪುಗಾಳಿಗೆ ತಗಡು ಬೇಗ ತುಕ್ಕು ಹಿಡಿಯುತ್ತದೆ. ಅದಿರಲಿ, ಆಷಾಢದ ಮಳೆ ತಗಡಿನ ಮೇಲೆ ಹೊಯ್ದರೆ ಅಕ್ಕೋರ ಪಾಠ ಮುಂದೆ ಕುಳಿತವರಿಗೂ ಕೇಳಿಸುವುದಿಲ್ಲ. ಆದ್ದರಿಂದ ಮಂಗಳೂರು ಹೆಂಚನ್ನೇ ಹೊದಿಸಲು ನಿರ್ಧರಿಸಿದ್ದೇವೆ. ಗಟ್ಟಿಯಿರುವ ಹಳೆಯ ಹೆಂಚುಗಳನ್ನು ತೊಳೆದು ಮತ್ತೆ ಬಳಸುತ್ತೇವೆ. ಬೇಕಿರುವುದು ಪಕಾಸು, ಹೆಂಚು ಕೂರಿಸುವ ರೀಪು, ಒಡೆದ ಹೆಂಚುಗಳಿಗೆ ಬದಲಿ ಮತ್ತು ಬಡಗಿಗಳ ಕೂಲಿ.

ಕೆಲಸ ಬೇಸಿಗೆ ರಜೆಯಲ್ಲಿಯೇ ಮುಗಿಯಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟಿಗೆ ಹೋಗುವ ಪಾಲಕರಿಗೆ ಆಗ ದುಡಿಮೆಯಿಲ್ಲ. ಅವರು ಕೈಲಾದಷ್ಟು ಈಗಾಗಲೇ ಕೊಟ್ಟಿದ್ದಾರೆ, ಮತ್ತೆ ಅವರ ಮನೆ ಬಾಗಿಲಿಗೆ ಹೋಗಲು ನಮಗೆ ಮನಸ್ಸಿಲ್ಲ. ಇಲ್ಲಿ ಕಲಿತು ಮಡಗಾಂವ್, ಮುಂಬೈ, ಕೊಲ್ಲಿ ರಾಷ್ಟ್ರಗಳನ್ನು ಸೇರಿದ ಹಳೆಯ ವಿದ್ಯಾರ್ಥಿಗಳನ್ನೂ, ಗಡಿಯಲ್ಲಿ ಕನ್ನಡ ಉಳಿಯಬೇಕು ಎಂದು ನವೆಂಬರ್‌ನಲ್ಲಿ ಭಾಷಣ ಮಾಡುವ ಹಿರಿಯರನ್ನೂ ಕೇಳುತ್ತಿದ್ದೇವೆ.

ದೇಣಿಗೆಯನ್ನು ಸಮಿತಿಯ ಬ್ಯಾಂಕ್ ಖಾತೆಗೇ ಜಮಾ ಮಾಡಿ ರಸೀದಿ ಪಡೆಯಿರಿ. ಯಾರ ಕೈಗೂ ನಗದು ಕೊಡಬೇಡಿ, ನಮ್ಮ ಕೈಗೂ. ಖರ್ಚಿನ ಬಿಲ್ಲುಗಳನ್ನು ಶಾಲೆಯ ಸೂಚನಾ ಫಲಕದಲ್ಲಿ ಹಚ್ಚುತ್ತೇವೆ. ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವುದಿಲ್ಲ. ಆ ಹಣಕ್ಕೆ ಇನ್ನೊಂದಿಷ್ಟು ಹೆಂಚು ಬರುತ್ತದೆ. ಹೆಂಚು ಇಳಿಸುವ ದಿನ ಶ್ರಮದಾನಕ್ಕೆ ಬರುವವರು ಮುಖ್ಯೋಪಾಧ್ಯಾಯರಿಗೆ ಮೊದಲೇ ತಿಳಿಸಿದರೆ ಊಟಕ್ಕೆ ಅಕ್ಕಿ ಹಾಕಲು ಅನುಕೂಲ.

ಇತಿ,
ಅಧ್ಯಕ್ಷರು ಮತ್ತು ಸದಸ್ಯರು,
ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ