ನವೆಂಬರ್ 1ರ ಪುಟ: ಕಿರಿಯ ಬರಹಗಾರರೊಬ್ಬರಿಗೆ ಪತ್ರ

ಪ್ರಿಯ ಮಿತ್ರರೇ,

ನಮಸ್ಕಾರ. ನಿಮ್ಮ ಪತ್ರವೂ ಅದರೊಡನೆ ಇರಿಸಿದ್ದ ನವೆಂಬರ್ 1ರ ಕರಡೂ ಕಳೆದ ವಾರ ಕೈಸೇರಿದವು. ಎರಡು ಸಲ ಪೂರ್ತಿಯಾಗಿ ಓದಿ, ಮೂರನೆಯ ಸಲ ಪೆನ್ಸಿಲ್ ಹಿಡಿದು ಕುಳಿತೆ. ವಿಶ್ವಕೋಶದಲ್ಲಿ ದಿನಾಂಕದ ಪುಟ ಬರೆಯುವುದು ಸುಲಭದ ಕೆಲಸ, ಹೊಸಬರಿಗೆ ಒಪ್ಪಿಸಬಹುದಾದದ್ದು ಎಂದು ಹಲವರು ತಿಳಿದಿದ್ದಾರೆ. ನನ್ನ ಅನುಭವ ಬೇರೆ. ದೊಡ್ಡ ಲೇಖನದಲ್ಲಿ ಒಂದು ಮಾತು ಸಡಿಲವಾದರೆ ಮುಂದಿನ ಪ್ಯಾರಾದಲ್ಲಿ ಬಿಗಿ ಮಾಡಿಕೊಳ್ಳಲು ಅವಕಾಶವಿರುತ್ತದೆ. ದಿನಾಂಕದ ಪುಟದಲ್ಲಿ ಒಂದು ಘಟನೆಗೆ ಸಿಗುವುದು ಒಂದೇ ಸಾಲು, ಆ ಸಾಲನ್ನು ಮೇಷ್ಟ್ರು ಶಾಲೆಯ ಕಪ್ಪು ಹಲಗೆಯ ಮೇಲೆ ಬರೆಸುತ್ತಾರೆ, ಮಕ್ಕಳು ಅದನ್ನೇ ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತಿದ್ದೇನೆ.

ಸಿಕ್ಕಿದ್ದೆಲ್ಲವೂ ಮುಖ್ಯವೆಂದು ತೋರುತ್ತದೆ, ಯಾವುದನ್ನು ಬಿಡಬೇಕೆಂದು ತಿಳಿಯುತ್ತಿಲ್ಲ ಎಂದು ಬರೆದಿದ್ದೀರಿ. ನಾನು ಪ್ರತಿಯೊಂದು ಘಟನೆಯ ಮುಂದೆಯೂ ಮೊದಲು ಇಟ್ಟುಕೊಳ್ಳುವ ಪ್ರಶ್ನೆ ಇದು: ಆ ದಿನ ಬೆಳಗ್ಗೆ ಇದ್ದ ಸ್ಥಿತಿ ಸಂಜೆಯ ಹೊತ್ತಿಗೆ ಬದಲಾಗಿತ್ತೇ, ಬದಲಾದದ್ದು ಬಹುಕಾಲ ಉಳಿಯಿತೇ? ಘಟನೆ ದೊಡ್ಡದಾಗಿದ್ದರಷ್ಟೇ ಸಾಲದು. ಆ ನಿರ್ದಿಷ್ಟ ದಿನದ ಮೇಲೆ ಆ ಘಟನೆಗೆ ಹಕ್ಕಿರಬೇಕು. ಲಿಸ್ಬನ್ ನಗರವನ್ನು ನೆಲಕ್ಕುರುಳಿಸಿದ 1755ರ ಭೂಕಂಪಕ್ಕೆ ಅಂಥ ಹಕ್ಕಿದೆ. ಕ್ರೈಸ್ತರ ಸಕಲ ಸಂತರ ಹಬ್ಬದ ದಿನ, ಜನ ಇಗರ್ಜಿಗಳಲ್ಲಿ ಸೇರಿದ್ದ ಬೆಳಗಿನ ವೇಳೆಯಲ್ಲಿ ಭೂಮಿ ನಡುಗಿತು. ಹಿಂದೆಯೇ ಸಮುದ್ರ ನುಗ್ಗಿತು, ಆಮೇಲೆ ಬೆಂಕಿ. ಆ ಬಳಿಕ ಪೋರ್ಚುಗಲಿನ ಮಂತ್ರಿ ಪೊಂಬಾಲ್ ಅವರ ಆಡಳಿತವು ಕಂಪನ ಎಷ್ಟು ಹೊತ್ತು ಇತ್ತು, ಏನೇನು ಹಾನಿಯಾಯಿತು ಎಂದು ಊರೂರಿನ ಪಾದ್ರಿಗಳಿಗೆ ಪ್ರಶ್ನಾವಳಿ ಕಳುಹಿಸಿತು. ಭೂಕಂಪವನ್ನು ದೈವಕೋಪವೆಂದು ಬಿಟ್ಟುಬಿಡದೆ ವಿಚಾರಿಸಿ ತಿಳಿಯುವ ಕೆಲಸಕ್ಕೆ ಅದೊಂದು ಆರಂಭ. ನೀವು ಸಾವಿನ ಲೆಕ್ಕವನ್ನು ಮಾತ್ರ ಕೊಟ್ಟು ಈ ಪ್ರಶ್ನಾವಳಿಯನ್ನು ಬಿಟ್ಟಿದ್ದೀರಿ. ನಾನಾಗಿದ್ದರೆ ಸಂಖ್ಯೆಯನ್ನು ಬಿಟ್ಟು ಇದನ್ನು ಉಳಿಸಿಕೊಳ್ಳುತ್ತಿದ್ದೆ.

ಈಗ ಕನ್ನಡಿಗರೆಲ್ಲ ಮೊದಲು ಹುಡುಕುವ ಸಾಲಿಗೆ ಬರುತ್ತೇನೆ. ನೀವು ಬರೆದಿರುವುದು ಹೀಗಿದೆ: ‘1956 – ಕರ್ನಾಟಕ ರಾಜ್ಯ ಸ್ಥಾಪನೆಯಾಯಿತು.’ ಐದು ಪದಗಳೂ ಇಲ್ಲದ ಈ ಸಾಲಿನಲ್ಲಿ ಮೂರು ತೊಡಕುಗಳಿವೆ. ಆ ದಿನ ಉದಯಿಸಿದ ರಾಜ್ಯದ ಹೆಸರು ಮೈಸೂರು. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ. ಎರಡನೆಯದಾಗಿ, ಅದು ಒಂದೇ ರಾಜ್ಯದ ಸಂಗತಿಯಲ್ಲ. ರಾಜ್ಯ ಪುನರ್ವಿಂಗಡಣಾ ಕಾಯ್ದೆ ಜಾರಿಗೆ ಬಂದ ಆ ದಿನವೇ ಕೇರಳ ಹುಟ್ಟಿತು, ತೆಲಂಗಾಣವನ್ನು ಕೂಡಿಕೊಂಡು ಆಂಧ್ರ ಪ್ರದೇಶವಾಯಿತು, ಮಧ್ಯ ಪ್ರದೇಶ ಹೊಸ ಆಕಾರ ಪಡೆಯಿತು. ಮೂರನೆಯದಾಗಿ, ‘ಸ್ಥಾಪನೆ’ ಎಂಬ ಮಾತು ಏನೂ ಇಲ್ಲದ ಕಡೆ ಏನೋ ಎದ್ದುನಿಂತಿತು ಎಂಬಂತೆ ಕೇಳಿಸುತ್ತದೆ. ನಡೆದದ್ದು ಒಗ್ಗೂಡಿಕೆ. ಹಳೆಯ ಮೈಸೂರಿಗೆ ಮುಂಬಯಿ ರಾಜ್ಯದ ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡಗಳೂ, ಹೈದರಾಬಾದ್ ರಾಜ್ಯದ ಬೀದರ್, ಗುಲ್ಬರ್ಗ, ರಾಯಚೂರುಗಳೂ, ಮದರಾಸು ರಾಜ್ಯದ ದಕ್ಷಿಣ ಕನ್ನಡವೂ ಕೊಳ್ಳೇಗಾಲ ತಾಲ್ಲೂಕೂ, ಕೊಡಗೂ ಬಂದು ಸೇರಿದವು. ಸೇರದೆ ಉಳಿದದ್ದನ್ನೂ ಪ್ರಾಮಾಣಿಕವಾಗಿ ಹೇಳಬೇಕು: ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು, ಅದೇ ಜಿಲ್ಲೆಗೆ ಸೇರಿದ್ದ ಅಮೀನ್‌ದಿವಿ ದ್ವೀಪಗಳು ಇಂದು ನಾವು ಲಕ್ಷದ್ವೀಪವೆಂದು ಕರೆಯುವ ಕೇಂದ್ರಾಡಳಿತ ಪ್ರದೇಶದ ಪಾಲಾದವು. ಕರಡಿನಲ್ಲಿ ನೀವು ಬಳ್ಳಾರಿಯನ್ನೂ ಈ ಪಟ್ಟಿಗೆ ಸೇರಿಸಿದ್ದೀರಿ. ಬಳ್ಳಾರಿ ಮೂರು ವರ್ಷ ಮೊದಲೇ, 1953ರ ಅಕ್ಟೋಬರ್ 1ರಂದೇ ಮೈಸೂರಿಗೆ ಬಂದಿತ್ತು. ಆ ಹೆಸರನ್ನು ಅಳಿಸಿಬಿಡಿ.

ಇಷ್ಟೆಲ್ಲವೂ ಒಂದು ಸಾಲಿನಲ್ಲಿ ಹಿಡಿಯುವುದಿಲ್ಲ, ಹಿಡಿಸಲೂ ಬಾರದು. ನನ್ನ ಪೆನ್ಸಿಲ್ ಬರೆದ ಸಾಲು ಹೀಗಿದೆ: ‘1956 – ಭಾರತದಲ್ಲಿ ರಾಜ್ಯ ಪುನರ್ವಿಂಗಡಣಾ ಕಾಯ್ದೆ ಜಾರಿಗೆ ಬಂದಿತು, ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ಪ್ರದೇಶಗಳ ಬಹುಭಾಗ ಮೈಸೂರು ರಾಜ್ಯದಲ್ಲಿ ಒಂದಾಯಿತು, ಕೇರಳ, ಆಂಧ್ರ ಪ್ರದೇಶ ರಾಜ್ಯಗಳು ರೂಪುಗೊಂಡವು.’ ‘ಬಹುಭಾಗ’ ಎಂಬ ಒಂದು ಪದಕ್ಕಾಗಿ ನಾನು ಅರ್ಧ ದಿನ ಯೋಚಿಸಿದೆ. ಆ ಪದವಿಲ್ಲದಿದ್ದರೆ ಕಾಸರಗೋಡಿನ ಕನ್ನಡಿಗರೊಬ್ಬರು ಆ ಪುಟವನ್ನು ತೆರೆದಾಗ ತಮ್ಮ ಊರೇ ಇತಿಹಾಸದಲ್ಲಿ ಇರಲಿಲ್ಲವೆಂಬ ಹಾಗೆ ಓದಬೇಕಾಗುತ್ತದೆ.

ಕೆಲವು ಘಟನೆಗಳಿಗೆ ಒಂದಕ್ಕಿಂತ ಹೆಚ್ಚು ದಿನಾಂಕಗಳಿರುತ್ತವೆ. ಪುನರ್ವಿಂಗಡಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1956ರ ಆಗಸ್ಟ್ 31ರಂದು. ಹೆಸರು ಬದಲಾಯಿಸಬೇಕೆಂದು ಮೈಸೂರಿನ ಶಾಸನಸಭೆ ನಿರ್ಣಯ ಮಾಡಿದ್ದು 1972ರಲ್ಲಿ. ಇಂಥಲ್ಲಿ ಜನರ ಬದುಕಿಗೆ ಬದಲಾವಣೆ ತಟ್ಟಿದ ದಿನವನ್ನೇ ಆರಿಸಿಕೊಳ್ಳುವುದು ನನ್ನ ರೂಢಿ. ಆದರೆ ಪುದುಚೇರಿಯಂಥ ಪ್ರಸಂಗ ಬಂದಾಗ ಈ ರೂಢಿಯನ್ನು ಮತ್ತೊಮ್ಮೆ ಯೋಚಿಸಬೇಕಾಗುತ್ತದೆ. ಫ್ರೆಂಚರು ಅಲ್ಲಿನ ಆಡಳಿತವನ್ನು ಭಾರತಕ್ಕೆ ಬಿಟ್ಟುಕೊಟ್ಟದ್ದು 1954ರ ನವೆಂಬರ್ 1ರಂದು. ಒಪ್ಪಂದಕ್ಕೆ ಸಹಿಯಾದದ್ದು 1956ರ ಮೇ 28ರಂದು. ಕಾನೂನಿನ ಪ್ರಕಾರ ಅದು ಭಾರತದ ಭಾಗವಾದದ್ದು 1962ರ ಆಗಸ್ಟ್ 16ರಂದು. ಅಂಚೆಯ ಪೆಟ್ಟಿಗೆ, ಪೊಲೀಸ್ ಠಾಣೆ, ಸುಂಕದ ಕಟ್ಟೆ ಎಲ್ಲವೂ ಕೈಬದಲಾದದ್ದು ಮೊದಲನೆಯ ದಿನ. ಆದ್ದರಿಂದ ಮುಖ್ಯ ಸಾಲು ನವೆಂಬರ್ 1ರಲ್ಲಿರಲಿ, ‘ಆಡಳಿತ ಹಸ್ತಾಂತರ’ ಎಂದು ಸ್ಪಷ್ಟವಾಗಿರಲಿ. ಆಗಸ್ಟ್ 16ರಲ್ಲಿ ‘ಕಾನೂನುಬದ್ಧ ವಿಲೀನ’ ಎಂಬ ಇನ್ನೊಂದು ಸಾಲು ಇರಬಹುದು. ಒಂದೇ ಮಾತನ್ನು ಎರಡು ಪುಟಗಳಲ್ಲಿ ಹಾಕಿದರೆ ಓದುಗರು ಗೊಂದಲಕ್ಕೆ ಬೀಳುತ್ತಾರೆ. ಎರಡು ಬೇರೆ ಸಂಗತಿಗಳೆಂದು ತಿಳಿಯುವಂತೆ ಬರೆದರೆ ಎರಡೂ ನಿಲ್ಲುತ್ತವೆ.

ಅದೇ 1954ರ ನವೆಂಬರ್ 1ರಂದು ಅಲ್ಜೀರಿಯಾದಲ್ಲಿ ಫ್ರೆಂಚ್ ಆಳ್ವಿಕೆಯ ವಿರುದ್ಧ ಸಶಸ್ತ್ರ ಹೋರಾಟ ಸಿಡಿಯಿತು. ಎಂಟು ವರ್ಷಗಳಿಗೆ ಸ್ವಲ್ಪ ಕಡಿಮೆ ಕಾಲ ನಡೆದ ಆ ಯುದ್ಧ 1962ರಲ್ಲಿ ಅಲ್ಜೀರಿಯಾದ ಸ್ವಾತಂತ್ರ್ಯದೊಡನೆ ಮುಗಿಯಿತು. ನಿಮ್ಮ ಕರಡಿನಲ್ಲಿ ಪುದುಚೇರಿ ‘ಭಾರತ’ ಎಂಬ ಉಪಶೀರ್ಷಿಕೆಯ ಕೆಳಗಿದೆ, ಅಲ್ಜೀರಿಯಾ ‘ಜಗತ್ತು’ ಎಂಬುದರ ಕೆಳಗೆ ಒಂದು ಪುಟ ದೂರದಲ್ಲಿದೆ. ಆ ಉಪಶೀರ್ಷಿಕೆಗಳನ್ನು ತೆಗೆದುಹಾಕಿ, ವರ್ಷಾನುಕ್ರಮವೊಂದನ್ನೇ ಇರಿಸಿಕೊಳ್ಳಿ. ಆಗ ಒಂದೇ ಸಾಮ್ರಾಜ್ಯ ಒಂದೇ ದಿನ ಒಂದು ಕಡೆ ಶಾಂತಿಯಿಂದ ಬಿಟ್ಟುಕೊಟ್ಟದ್ದೂ ಇನ್ನೊಂದು ಕಡೆ ರಕ್ತ ಹರಿಯತೊಡಗಿದ್ದೂ ಒಂದರ ಕೆಳಗೊಂದು ಬಂದು ನಿಲ್ಲುತ್ತವೆ. ಇಂಥ ನೆರೆಹೊರೆಯನ್ನು ತೋರಿಸಿಕೊಡುವುದು ದಿನಾಂಕದ ಪುಟಕ್ಕೆ ಮಾತ್ರ ಸಾಧ್ಯ.

ಹಂಗೆರಿಯ ಬಗ್ಗೆ ನಮಗೆ ಭಿನ್ನಾಭಿಪ್ರಾಯ ಬರಬಹುದು. 1956ರ ನವೆಂಬರ್ 1ರಂದು ಅಲ್ಲಿನ ಪ್ರಧಾನಿ ಇಮ್ರೆ ನಾಗಿ ತಮ್ಮ ದೇಶ ಸೋವಿಯತ್ ಬಣದ ಸೇನಾ ಮೈತ್ರಿಯಾದ ವಾರ್ಸಾ ಒಪ್ಪಂದದಿಂದ ಹೊರಬಂದು ತಟಸ್ಥವಾಗಿರುವುದೆಂದು ಸಾರಿದರು. ನಾಲ್ಕನೆಯ ತಾರೀಖು ಸೋವಿಯತ್ ಸೇನೆ ಬುಡಾಪೆಸ್ಟಿನ ಮೇಲೆ ನುಗ್ಗಿತು. ಘೋಷಣೆ ಮೂರು ದಿನವೂ ಬಾಳಲಿಲ್ಲ. ನನ್ನ ತೀರ್ಮಾನವೆಂದರೆ ಸಾಲು ನವೆಂಬರ್ 4ರ ಪುಟಕ್ಕೆ ಹೋಗಲಿ, ಘೋಷಣೆಯ ಉಲ್ಲೇಖ ಅದರೊಳಗೇ ಬರಲಿ.

ಇನ್ನು ದಿನಾಂಕವನ್ನು ಖಚಿತಪಡಿಸಿಕೊಳ್ಳುವ ವಿಚಾರ. ಹಲವು ವರ್ಷಗಳ ಹಿಂದೆ ನಾನೇ ಬರೆದ ಒಂದು ಪುಟದಲ್ಲಿ ಸೇತುವೆಯೊಂದರ ಉದ್ಘಾಟನೆಯನ್ನು ಸೇರಿಸಿದ್ದೆ. ಆಧಾರವಾಗಿದ್ದದ್ದು ಗ್ರಂಥಾಲಯದಲ್ಲಿ ಕಟ್ಟಿಟ್ಟಿದ್ದ ಹಳೆಯ ಪತ್ರಿಕೆಯ ಸಂಪುಟ. ಪುಟ ಅಚ್ಚಾದ ಕೆಲವು ತಿಂಗಳಿಗೆ ಆ ಊರಿನ ನಿವೃತ್ತ ಉಪಾಧ್ಯಾಯರೊಬ್ಬರಿಂದ ಒಂದು ಕಾರ್ಡು ಬಂತು: ಸೇತುವೆಯ ಕಲ್ಲಿನ ಮೇಲೆ ಕೆತ್ತಿರುವ ತಾರೀಖು ನೀವು ಬರೆದದ್ದಕ್ಕಿಂತ ಒಂದು ದಿನ ಹಿಂದಿನದು ಎಂದು. ಮತ್ತೆ ಹೋಗಿ ಸಂಪುಟ ತೆರೆದು ನೋಡಿದೆ. ಪುಟದ ನೆತ್ತಿಯಲ್ಲಿ ದಪ್ಪಕ್ಷರದ ತಾರೀಖು ಇತ್ತು. ಸುದ್ದಿಯ ತಲೆಬರಹದ ಕೆಳಗೆ, ಊರಿನ ಹೆಸರಿನ ಪಕ್ಕದಲ್ಲಿ, ಸಣ್ಣಕ್ಷರದಲ್ಲಿ ಹಿಂದಿನ ದಿನದ ತಾರೀಖು ಇತ್ತು. ನಾನು ಪತ್ರಿಕೆಯ ದಿನವನ್ನು ಘಟನೆಯ ದಿನವೆಂದು ಬರೆದುಬಿಟ್ಟಿದ್ದೆ. ಆ ಕಾರ್ಡು ಇಂದಿಗೂ ನನ್ನ ಮೇಜಿನ ಸೆಳೆಖಾನೆಯಲ್ಲಿದೆ. ನಿಮ್ಮ ಕರಡಿನಲ್ಲಿ ಪತ್ರಿಕೆಗಳಿಂದ ತೆಗೆದುಕೊಂಡ ಆರು ಸಾಲುಗಳಿಗೆ ನಾನು ಗುರುತು ಹಾಕಿದ್ದೇನೆ. ಆರನ್ನೂ ಆ ಸಣ್ಣಕ್ಷರದ ತನಕ ಹೋಗಿ ನೋಡಿಬನ್ನಿ.

ಪಂಚಾಂಗ ಬದಲಾದ ಕಾಲದ ಘಟನೆಗಳಲ್ಲಿ ಇನ್ನಷ್ಟು ಎಚ್ಚರ ಬೇಕು. ಇಂದು ನಾವು ಬಳಸುವ ಗ್ರೆಗೋರಿಯನ್ ಕ್ಯಾಲೆಂಡರ್ ಬಂದದ್ದು 1582ರಲ್ಲಿ. ಬ್ರಿಟನ್ ಅದನ್ನು ಒಪ್ಪಿಕೊಂಡದ್ದು 1752ರಲ್ಲಿ, ಅಲ್ಲಿ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಆಯಿತು. ಅದಕ್ಕೆ ಹಿಂದಿನ ಈಸ್ಟ್ ಇಂಡಿಯಾ ಕಂಪನಿಯ ಕಾಗದಗಳಲ್ಲಿ ಇರುವ ತಾರೀಖು ಹಳೆಯ ಲೆಕ್ಕದ್ದು. ರಷ್ಯದ ‘ಅಕ್ಟೋಬರ್ ಕ್ರಾಂತಿ’ ನಮ್ಮ ಲೆಕ್ಕಕ್ಕೆ ನವೆಂಬರ್ 7ರಂದು ನಡೆದದ್ದು ನಿಮಗೆ ಗೊತ್ತೇ ಇದೆ. ವಿಜಯನಗರದ ಪತನಕ್ಕೆ ಕಾರಣವಾದ ರಕ್ಕಸಗಿ–ತಂಗಡಗಿ ಯುದ್ಧಕ್ಕೆ 1565ರ ಜನವರಿ 23 ಎಂದೂ 26 ಎಂದೂ ಎರಡು ತಾರೀಖುಗಳು ಪುಸ್ತಕಗಳಲ್ಲಿ ಓಡಾಡುತ್ತಿವೆ. ಜನವರಿಯ ಪುಟಗಳನ್ನು ಬರೆಯುವಾಗ 23ರಲ್ಲಿ ಮಾತ್ರ ಹಾಕಿ, ಇನ್ನೊಂದು ಮತವನ್ನು ಅಲ್ಲೇ ತಿಳಿಸಿ. ಚಂದ್ರನ ಮೇಲೆ ಮನುಷ್ಯ ಇಳಿದ ದಿನವೂ ಇಂಥದೇ: ಅಮೆರಿಕದ ಗಡಿಯಾರಗಳಲ್ಲಿ ಅದು 1969ರ ಜುಲೈ 20, ಭಾರತದಲ್ಲಿ ಆಗಲೇ 21 ಹುಟ್ಟಿ ನಡುರಾತ್ರಿ ಕಳೆದಿತ್ತು. ಘಟನೆ ನಡೆದ ಸ್ಥಳದ ತಾರೀಖನ್ನು ಹಿಡಿಯಬೇಕೆಂಬುದು ನಿಯಮ. ಚಂದ್ರನಿಗೆ ತನ್ನದೇ ತಾರೀಖಿಲ್ಲದ ಕಾರಣ ಅಲ್ಲಿಗೆ ಹೋದವರ ನಾಡಿನ ತಾರೀಖನ್ನು ಒಪ್ಪಿಕೊಳ್ಳುವುದು ಸರಿಯೆಂದು ನನಗೆ ತೋರುತ್ತದೆ.

‘ಮೊದಲ’ ಎಂಬ ಪದವಿರುವ ಸಾಲುಗಳನ್ನು ಎರಡು ಸ್ವತಂತ್ರ ಆಧಾರಗಳಿಲ್ಲದೆ ಬರೆಯಬೇಡಿ. ಇತ್ತೀಚಿನ ವರ್ಷಗಳ ಘಟನೆಗಳಿಗೆ ನಿಮ್ಮ ಕರಡಿನ ಮೂರನೆಯ ಒಂದು ಪಾಲು ಹೋಗಿದೆ. ಅವುಗಳಲ್ಲಿ ಬಹಳಷ್ಟನ್ನು ಸದ್ಯಕ್ಕೆ ಕಾಯಿಸಿ. ಬೆಂಗಳೂರು, ಮೈಸೂರು, ಬೆಳಗಾವಿ ಸೇರಿದಂತೆ 12 ನಗರಗಳ ಕನ್ನಡ ಹೆಸರುಗಳು ಇಂಗ್ಲಿಷಿನಲ್ಲೂ ಅಧಿಕೃತವಾದ 2014ರ ಸಾಲು ಇರಲಿ, ಅದು ಉಳಿಯುವ ಬದಲಾವಣೆ.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹೆಚ್ಚು ನಾಟಿರುವ ಸಂಗತಿ ಬೇರೆಯೇ ಇದೆ. ದಿನಾಂಕದ ಪುಟಗಳು ಸಹಿ, ಪಟ್ಟಾಭಿಷೇಕ, ಕಾಳಗ, ಸ್ಫೋಟಗಳ ಕಡೆಗೇ ವಾಲುತ್ತವೆ, ಏಕೆಂದರೆ ಅವಕ್ಕೆ ತಾರೀಖು ಅಂಟಿಕೊಂಡಿರುತ್ತದೆ. 1876ರಿಂದ 78ರವರೆಗಿನ ಬರಗಾಲದಲ್ಲಿ ಮೈಸೂರು ಸಂಸ್ಥಾನ ಎಷ್ಟು ಬಡವಾಯಿತೆಂದರೆ, 1871ರಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಆ ಮಹಾದುರಂತಕ್ಕೆ ಮುನ್ನೂರ ಅರವತ್ತಾರು ಪುಟಗಳಲ್ಲಿ ಒಂದೂ ಇಲ್ಲ. ಹಲ್ಮಿಡಿ ಶಾಸನಕ್ಕೆ ದಿನವಿಲ್ಲ. ಬಸವ ಜಯಂತಿ ಬರುವುದು ವೈಶಾಖ ಶುದ್ಧ ತದಿಗೆಯಂದು, ವರ್ಷಕ್ಕೊಂದು ತಾರೀಖಿಗೆ. ಅದನ್ನು ಯಾವುದೋ ಒಂದು ವರ್ಷದ ತಾರೀಖಿಗೆ ಕಟ್ಟಿಹಾಕಬೇಡಿ, ತಿಥಿಗಳಿಗೆ ಬೇರೆಯೇ ಪುಟಗಳನ್ನು ತೆರೆಯುವಂತೆ ಸಂಪಾದಕರನ್ನು ಕೇಳಿ. ಬರಗಾಲಕ್ಕೆ ಸುಳ್ಳು ತಾರೀಖು ಹಚ್ಚುವುದೂ ಸಲ್ಲದು. ಆದರೆ ನಿಧಾನವಾಗಿ ನಡೆದ ದೊಡ್ಡ ಬದಲಾವಣೆಗಳು ಒಂದೊಂದು ದಿನ ತಮ್ಮ ಹೆಜ್ಜೆಗುರುತು ಬಿಟ್ಟಿರುತ್ತವೆ, ಅವನ್ನು ಹುಡುಕಿ ತರುವ ಶ್ರಮ ನಮ್ಮದು: ಕನ್ನಡ ಪತ್ರಿಕೆ ಮಂಗಳೂರ ಸಮಾಚಾರದ ಮೊದಲ ಸಂಚಿಕೆ ಹೊರಬಿದ್ದ 1843ರ ಜುಲೈ 1, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ 144 ಸದಸ್ಯರ ಪ್ರಜಾಪ್ರತಿನಿಧಿ ಸಭೆ ಮೈಸೂರಿನಲ್ಲಿ ಕೂಡಿದ 1881ರ ಅಕ್ಟೋಬರ್ 7, ಶಿವನಸಮುದ್ರದ ವಿದ್ಯುತ್ತು 92 ಮೈಲಿ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದ 1902ರ ಜೂನ್ 30. ಇಂಗ್ಲಿಷ್ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಭಾಷಾಂತರಿಸುತ್ತ ಹೋದರೆ ಈ ಮೂರೂ ನಿಮ್ಮ ಕಣ್ಣಿಗೆ ಬೀಳುವುದಿಲ್ಲ.

ತಿದ್ದಿದ ಕರಡನ್ನು ಈ ಪತ್ರದೊಡನೆ ಲಗತ್ತಿಸಿದ್ದೇನೆ. ಅದನ್ನು ಮುಗಿಸಿದ ಮೇಲೆ ಅಕ್ಟೋಬರ್ 1ರ ಪುಟಕ್ಕೆ ಬಳ್ಳಾರಿಯ ಸಾಲನ್ನು ಬರೆದು ಕಳುಹಿಸಿ. ಆ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದೇ ದಿನ ಹೊಸ ಆಂಧ್ರ ರಾಜ್ಯಕ್ಕೆ ಹೋದ ಸಂಗತಿಯೂ ಆ ಸಾಲಿನಲ್ಲೇ ಬರಲಿ.

ಇಂತಿ ನಿಮ್ಮ ವಿಶ್ವಾಸದ,
ಹಿರಿಯ ಮಿತ್ರ