ಹೊರಗಿನ ಹುಡುಗರ ವಿಷಯ

ಡ್ಯುನೆಡಿನ್, ನ್ಯೂಜಿಲೆಂಡ್
18 ಮೇ 2025

ಅಪ್ಪಾಜಿಗೆ ನಮಸ್ಕಾರಗಳು.

ನಾನು ಕ್ಷೇಮ. ಇಲ್ಲಿ ಚಳಿ ಶುರುವಾಗಿದೆ. ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಮುಗಿಯುತ್ತಾ ಬಂತು.

ಹೋದ ವಾರ ಫೋನಿನಲ್ಲಿ ನೀವು ತುಂಬಾ ಬೇಜಾರಿನಲ್ಲಿದ್ದಿರಿ. ನಮ್ಮ ಕಬಡ್ಡಿ ಹುಡುಗರು ಮೊದಲ ಸುತ್ತಿನಲ್ಲೇ ಸೋತರು, ಮುಂದಿನ ಸಲ ದುಡ್ಡು ಕೊಟ್ಟು ಹೊರಗಿನಿಂದ ನಾಲ್ಕು ಜನರನ್ನು ಕರೆಸುತ್ತೇನೆ ಅಂದಿರಿ. ಆಗ ನನಗೆ ಏನು ಹೇಳಬೇಕೋ ತೋಚಲಿಲ್ಲ. ಈಗ ಇಲ್ಲಿನ ರಗ್ಬಿ ಕೋಚ್ ಒಬ್ಬನ ವಿಷಯ ಬರೆಯುತ್ತಿದ್ದೇನೆ.

ಹೆಸರು ಜೇಮಿ ಜೋಸೆಫ್, ಮಾವೊರಿ, ಅಂದರೆ ಇಲ್ಲಿನ ಮೂಲನಿವಾಸಿ ಜನಾಂಗದವನು. ಅವರಪ್ಪನೂ ಮಾವೊರಿ ತಂಡಕ್ಕೆ ಆಡಿದವರು. ಈತ ನ್ಯೂಜಿಲೆಂಡ್ ಪರ 20 ಟೆಸ್ಟ್ (ರಗ್ಬಿಯಲ್ಲಿ ದೇಶ ದೇಶಗಳ ನಡುವಿನ ಪಂದ್ಯ) ಆಡಿದ. ಫ್ಲ್ಯಾಂಕರ್ ಅನ್ನುತ್ತಾರೆ, ಹೆಚ್ಚುಕಮ್ಮಿ ನಿಮ್ಮ ಕಬಡ್ಡಿಯ ಕಾರ್ನರ್ ಇದ್ದ ಹಾಗೆ. ನುಗ್ಗಿ ಬರುವವನನ್ನು ಹಿಡಿದು ಕೆಡವಬೇಕು. 1995ರ ವಿಶ್ವಕಪ್ ಫೈನಲ್‌ನಲ್ಲಿ ಇವರ ತಂಡ ದಕ್ಷಿಣ ಆಫ್ರಿಕಾಕ್ಕೆ 12-15ರಲ್ಲಿ ಸೋತಿತು. ಆಮೇಲೆ ಜಪಾನಿಗೆ ಹೋಗಿ ಫುಕುವೋಕಾದ ಕಂಪನಿ ತಂಡವೊಂದಕ್ಕೆ ಸೇರಿದ. 1999ರ ವಿಶ್ವಕಪ್ಪಿನಲ್ಲಿ ಜಪಾನ್ ಪರವೇ ಆಡಿದ! ಆಗ ನಿಯಮ ಸಡಿಲವಿತ್ತು.

ಕೋಚ್ ಆದ ಮೇಲಿನದ್ದೇ ನಿಮಗೆ ಬೇಕಾದ ವಿಷಯ. 2011ರಲ್ಲಿ ನಮ್ಮ ಊರಿನ (ನೋಡಿ, ಆಗಲೇ ನಮ್ಮ ಊರು ಅಂದುಬಿಟ್ಟೆ) ಹೈಲ್ಯಾಂಡರ್ಸ್ ತಂಡಕ್ಕೆ ಬಂದ. 2013ಕ್ಕೆ ಮಾ ನೊನು, ಟೋನಿ ವುಡ್‌ಕಾಕ್, ಬ್ರ್ಯಾಡ್ ಥಾರ್ನ್ ಅಂತ ದೊಡ್ಡ ದೊಡ್ಡ ಹೆಸರಿನವರೆಲ್ಲ ತಂಡದಲ್ಲಿದ್ದರು. ಏನಾಯಿತು ಗೊತ್ತಾ? ಸೂಪರ್ ರಗ್ಬಿ ಅನ್ನುವ ಲೀಗಿನ 15 ತಂಡಗಳಲ್ಲಿ 14ನೇ ಸ್ಥಾನ. ಗೆದ್ದದ್ದು ಬರೀ 3 ಪಂದ್ಯ. ಆಮೇಲೆ ಅಷ್ಟೇನೂ ಹೆಸರಿಲ್ಲದ ಹುಡುಗರನ್ನೇ ಜಾಸ್ತಿ ಇಟ್ಟುಕೊಂಡು ತಂಡ ಕಟ್ಟಿದ. 2015ರಲ್ಲಿ ವೆಲ್ಲಿಂಗ್ಟನ್ನಿಗೇ ಹೋಗಿ ಅಲ್ಲಿನ ಹರಿಕೇನ್ಸ್ ತಂಡವನ್ನು ಫೈನಲ್‌ನಲ್ಲಿ 21-14ರಿಂದ ಸೋಲಿಸಿದರು. ಈ ತಂಡ ಸೂಪರ್ ರಗ್ಬಿ ಕಪ್ ಎತ್ತಿದ್ದು ಅದೇ ಮೊದಲು.

ನಾನು ನಿಮಗೆ ಬುದ್ಧಿ ಹೇಳುತ್ತಿಲ್ಲ. ಯಾಕೆಂದರೆ ಇದೇ ಜೋಸೆಫ್ ಮುಂದೆ ಜಪಾನ್ ಕೋಚ್ ಆದಾಗ, 2019ರ ತಂಡದಲ್ಲಿ ಸುಮಾರು ಅರ್ಧ ಜನ ಹೊರಗೆ ಹುಟ್ಟಿದವರು. ಕ್ಯಾಪ್ಟನ್ ಮೈಕಲ್ ಲೀಚ್ ಕೂಡ ಹುಟ್ಟಿದ್ದು ನ್ಯೂಜಿಲೆಂಡ್‌ನಲ್ಲೇ. ಆದರೆ ಅವರೆಲ್ಲ ಜಪಾನಿನಲ್ಲೇ ವರ್ಷಗಟ್ಟಲೆ ಬಾಳಿದವರು. ಜಪಾನಿನ ರಾಷ್ಟ್ರಗೀತೆಯಲ್ಲಿ ಸಣ್ಣ ಕಲ್ಲುಗಳು ಸೇರಿ ಬಂಡೆಯಾಗುವ ಮಾತು ಬರುತ್ತದೆ. ಮಿಯಾಜಾಕಿಯ ಕ್ಯಾಂಪಿನಲ್ಲಿದ್ದಾಗ ಅಂಥದ್ದೊಂದು ಬಂಡೆಯ ಮುಂದೆ ಹೋಗಿ ನಿಂತು ಎಲ್ಲರೂ ಆ ಗೀತೆ ಹಾಡಿದರು. ವಿಶ್ವಕಪ್ಪಿನಲ್ಲಿ ಐರ್ಲೆಂಡನ್ನು 19-12ರಿಂದ ಸೋಲಿಸಿದರು. ಚಂಡಮಾರುತ ಬಡಿದ ಮಾರನೇ ದಿನವೇ ಯೊಕೊಹಾಮಾದಲ್ಲಿ ಸ್ಕಾಟ್ಲೆಂಡನ್ನು 28-21ರಿಂದ ಸೋಲಿಸಿದರು. ಜಪಾನ್ ಮೊದಲ ಸಲ ಕ್ವಾರ್ಟರ್ ಫೈನಲ್ ತಲುಪಿತು.

ಈಗ ಜೋಸೆಫ್ ವಾಪಸ್ ಇಲ್ಲೇ ಹೈಲ್ಯಾಂಡರ್ಸ್ ಕೋಚ್. ಈ ವರ್ಷ ಸೋಲೇ ಜಾಸ್ತಿ. ಆದರೂ ಪಕ್ಕದ ಮನೆಯ ಅಜ್ಜ ಒಂದು ಮ್ಯಾಚೂ ಬಿಡುವುದಿಲ್ಲ, ನನ್ನನ್ನೂ ಎಳೆದುಕೊಂಡು ಹೋಗುತ್ತಾರೆ. ಸದ್ಯ, ಮೈದಾನಕ್ಕೆ ಸೂರಿದೆ.

ನೀವು ಹೊರಗಿನವರನ್ನು ಕರೆಸುವುದೇ ಆದರೆ ಪಂದ್ಯದ ಹಿಂದಿನ ದಿನ ಮಾತ್ರ ಬೇಡ. ಒಂದು ತಿಂಗಳು ಮುಂಚೆಯೇ ಬರಲಿ. ನನ್ನ ರೂಮು ಖಾಲಿಯೇ ಇದೆಯಲ್ಲ, ಅಲ್ಲೇ ಮಲಗಲಿ. ಮುದ್ದೆ ಜಾಸ್ತಿ ಮಾಡಬೇಕಾಗುತ್ತದೆ ಅಂತ ಅಮ್ಮನಿಗೆ ನೀವೇ ಹೇಳಿ, ನಾನು ಹೇಳಿದರೆ ಬೈಯುತ್ತಾರೆ.

ನಿಮ್ಮ ಮಗ