ಬೇಗೆಯ ಬೇರು

ಜುಲೈ ಬಂತೆಂದರೆ ಕುವೈತಿನಲ್ಲಿ ಯಾರು ಎದುರಾದರೂ ಬಿಸಿಲಿನದೇ ಮಾತು. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಇಂಥ ತಾಪವನ್ನು ನಮ್ಮ ಮಕ್ಕಳು ‘ತುಂಬಾ ಬಿಸಿ’ ಎಂದು ಮುಗಿಸಿಬಿಡುವಾಗ ನನಗೆ ಸಂಕಟವಾಗುತ್ತದೆ. ಲೋಟದ ಕಾಫಿಗೂ ಮರಳುಗಾಡಿನ ಮಧ್ಯಾಹ್ನಕ್ಕೂ ಒಂದೇ ಪದವೇ? ನಮ್ಮಲ್ಲಿ ‘ಬೇಗೆ’ ಇದೆಯಲ್ಲ!

ಈ ಪದದ ಬೇರು ‘ಬೇ’ ಎಂಬ ಧಾತು. ಅನ್ನ ಬೇಯುವುದೂ ಬೇಸಿಗೆ ಬರುವುದೂ ಅದರಿಂದಲೇ. ಬಿಸಿ, ಬಿಸಿಲು, ಬೆಂಕಿಗಳನ್ನೂ ದ್ರಾವಿಡ ನಿಘಂಟುಕಾರರಾದ ಬರೋ ಮತ್ತು ಎಮಿನೊ ಇದೇ ಬಳಗಕ್ಕೆ ಸೇರಿಸಿದ್ದಾರೆ. ಪಕ್ಕದ ಮನೆಯ ಮಲಯಾಳಿಗಳು ಬೇಸಿಗೆಯನ್ನು ‘ವೇನಲ್’ ಎನ್ನುತ್ತಾರೆ, ತೆಲುಗರು ‘ವೇಸವಿ’ ಎನ್ನುತ್ತಾರೆ. ತಮಿಳರಿಗೆ ಬಿಸಿಲು ‘ವೆಯಿಲ್’. ಅವರ ವಕಾರ ನಮ್ಮಲ್ಲಿ ಬಕಾರ. ‘ವಾಯ್’ ಬಾಯಿಯಾದಂತೆ, ‘ವಿಲ್’ ಬಿಲ್ಲಾದಂತೆ.

ಬೆಂದ ಕಾಳಿನಿಂದ ಬೆಂಗಳೂರಾಯಿತು ಎಂಬ ಬಲ್ಲಾಳರಾಯನ ಕಥೆ ಎಲ್ಲರಿಗೂ ಗೊತ್ತು. ಆ ರಾಜನಿಗಿಂತ ಮುನ್ನೂರು ವರ್ಷ ಹಿಂದಿನ, ಸುಮಾರು 890ರ ಬೇಗೂರು ಶಾಸನದಲ್ಲೇ ಬೆಂಗಳೂರಿನ ಹೆಸರಿರುವುದರಿಂದ ಕಥೆ ನಿಲ್ಲುವುದಿಲ್ಲ. ಆದರೂ ಅಜ್ಜಿ ಬಡಿಸಿದ ಆ ‘ಬೆಂದ’ ಕಾಳು ನಮ್ಮ ಬೇಗೆಯ ಒಡಹುಟ್ಟೇ.

ಬೇಗೆಗೂ ಸೆಕೆಗೂ ವ್ಯತ್ಯಾಸವಿದೆ. ಮಂಗಳೂರು, ಉಡುಪಿಯವರ ಸೆಕೆಯಲ್ಲಿ ಗಾಳಿ ಕದಲುವುದಿಲ್ಲ, ಅಂಗಿ ಬೆನ್ನಿಗೆ ಅಂಟುತ್ತದೆ. ಆಗಸ್ಟಿನಲ್ಲಿ ಕೊಲ್ಲಿಯ ಕಡೆಯಿಂದ ತೇವದ ಗಾಳಿ ಬಂದಾಗ ನಮಗೆ ಅದೇ ಅನುಭವ. ರಾಯಚೂರು, ಕಲಬುರಗಿಯವರು ಬಲ್ಲ ಝಳ ಮುಖಕ್ಕೆ ರಾಚುವಂಥದ್ದು, ಇಲ್ಲಿನ ಜೂನ್ ತಿಂಗಳ ಒಣ ಶಮಾಲ್ ಗಾಳಿಯಂತೆ. ಬೇಗೆ ಮೈಯೊಳಕ್ಕೂ ಇಳಿಯುತ್ತದೆ. ‘ಒಡಲ ಬೇಗೆ’, ‘ವಿರಹದ ಬೇಗೆ’ ಎನ್ನುತ್ತೇವೆಯೇ ಹೊರತು ಒಡಲ ಸೆಕೆ ಎನ್ನುವುದಿಲ್ಲ. ಮಗ ದೂರವಾದಾಗ ತಾಯಿಯ ಕರುಳು ಬೇಯುವುದೂ ಒಲೆಯ ಮೇಲೆ ಅನ್ನ ಬೇಯುವುದೂ ಒಂದೇ ಕ್ರಿಯಾಪದದಲ್ಲಿ.

ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಬಯಲಿನ ಕೆಲಸಕ್ಕೆ ಇಲ್ಲಿ ನಿಷೇಧವಿದೆ. ಉಳಿದ ಹೊತ್ತಿನಲ್ಲಿ ಕಟ್ಟಡಗಳ ಮೇಲೆ ದುಡಿಯುವ ನಮ್ಮೂರ ಹುಡುಗರು ಎರಡು ಬೇಗೆಗಳನ್ನೂ ಬಲ್ಲರು. ಅವರ ಬಾಯಲ್ಲಿ ಇನ್ನೂ ಎಷ್ಟು ಪದಗಳಿವೆಯೋ! ನಿಮ್ಮ ಊರಿನಲ್ಲಿ ಬಿಸಿಲಿಗೆ ಏನೆಲ್ಲ ಹೆಸರುಗಳಿವೆ, ಮನೆಯ ಹಿರಿಯರನ್ನು ಕೇಳಿ ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಅವುಗಳಿಗಾಗಿ ಒಂದು ಪುಟ ತೆಗೆದಿರಿಸಿದ್ದೇನೆ.